ಅವ್ವನ ಫೋಟೋ ಎಲ್ಲಿ?



ಇವತ್ತು ನಾವು ಫೋಟೋ ಬಗ್ಗೆ ಮಾತಾಡೋಣ. "ಅಯ್ಯೋ, ಫೋಟೋ ತೆಗೆಯೋದು ಗಂಡಸರ ಕೆಲಸ. ನಮಗ್ಯಾಕೆ ಅದು?" ಅನ್ನಬೇಡಿ. ಸ್ವಲ್ಪ ಕೇಳಿ.

ನಮ್ಮ ಮನೆಯ ಗೋಡೆಯನ್ನೇ ನೋಡೋಣ. ದೇವರ ಪಟ ಇದೆ. ಮಾವನವರ ಫೋಟೋ ಇದೆ. ಮಗ ಬಹುಮಾನ ತಗೊಂಡ ಫೋಟೋ ಇದೆ. ಮಗಳ ಫೋಟೋ ಇದೆಯಾ? ನಮ್ಮ ಅವ್ವನ ಫೋಟೋ ಇದೆಯಾ? ಮದುವೆ ಆದ ಮೇಲೆ ನಮ್ಮವು ಎಷ್ಟು ಫೋಟೋ ಇವೆ?

ಎಷ್ಟೋ ಮನೆಗಳಲ್ಲಿ ಅವ್ವ ತೀರಿಕೊಂಡ ಮೇಲೆ ಫೋಟೋ ಹುಡುಕುತ್ತಾರೆ. ಗುರುತಿನ ಚೀಟಿಯ ಸಣ್ಣ ಮುಖವನ್ನೇ ದೊಡ್ಡದು ಮಾಡಿಸಿ ಹಾರ ಹಾಕುತ್ತಾರೆ. ಜೀವಮಾನವೆಲ್ಲ ದುಡಿದ ಅವ್ವ ನಗುವ ಒಂದು ಫೋಟೋ ಮನೆಯಲ್ಲಿ ಇರುವುದಿಲ್ಲ. ಇದು ಸರಿಯಾ?

ಹಿಂದೆ ಇದಕ್ಕೆ ಕಾರಣ ಇತ್ತು. ಮೊದಮೊದಲು ದೊಡ್ಡ ಕ್ಯಾಮೆರಾ, ಗಾಜಿನ ಹಲಗೆ ಹೊತ್ತು ಫೋಟೋ ತೆಗೆಯುತ್ತಿದ್ದರು. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಅನ್ನುವವರು ಸುರುಳಿ ಫಿಲ್ಮಿನ ಸಣ್ಣ ಕೊಡಕ್ ಕ್ಯಾಮೆರಾ ಮಾರಾಟಕ್ಕೆ ತಂದರು. ಆಮೇಲೆ ಮನೆಮಂದಿಯೂ ಫೋಟೋ ತೆಗೆಯುವ ಕಾಲ ಬಂತು. ಆದರೂ ಖರ್ಚು ಇತ್ತು. ರೀಲಿಗೆ ದುಡ್ಡು, ತೊಳೆಸೋಕೆ ದುಡ್ಡು, ಪ್ರತಿ ತೆಗೆಸೋಕೆ ದುಡ್ಡು. ಒಂದು ರೀಲಿಗೆ 36 ಫೋಟೋ ಬಂದರೆ ಅದೇ ಹೆಚ್ಚು.

ಈಗ ಎಷ್ಟೋ ಮನೆಗಳಲ್ಲಿ ಕ್ಯಾಮೆರಾ ಇರುವ ಮೊಬೈಲ್ ಇದೆ. ಒಂದು ಫೋಟೋ ಚೆನ್ನಾಗಿ ಬರಲಿಲ್ಲವೋ, ಅಳಿಸಿ ಇನ್ನೊಂದು ತೆಗೆಯಬಹುದು. ದುಡ್ಡು ಹೋಗುವುದಿಲ್ಲ. ಮತ್ತೆ ಹಿಂಜರಿಕೆ ಯಾಕೆ?

ಹೋಮಾಯ್ ವ್ಯಾರಾವಾಲಾ ಅನ್ನುವ ತಾಯಿಯ ಹೆಸರು ಕೇಳಿದ್ದೀರಾ? 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದವರು. ನಮ್ಮ ದೇಶದಲ್ಲಿ ಪತ್ರಿಕೆಗೆ ಫೋಟೋ ತೆಗೆದ ಮೊದಲ ಹೆಂಗಸು. ಸೀರೆ ಉಟ್ಟು, ಭಾರದ ಕ್ಯಾಮೆರಾ ಹೊತ್ತು ದಿಲ್ಲಿಯಲ್ಲಿ ಕೆಲಸ ಮಾಡಿದರು. ಮೊದಮೊದಲು ಅವರು ತೆಗೆದ ಫೋಟೋಗಳು ಅವರ ಗಂಡನ ಹೆಸರಿನಲ್ಲಿ ಅಚ್ಚಾದವು. ಕೆಲಸ ಇವರದು, ಹೆಸರು ಅವರದು! ಆದರೂ ಇವರು ಬಿಡಲಿಲ್ಲ. 2011ರಲ್ಲಿ ಸರ್ಕಾರ ಅವರಿಗೆ ಪದ್ಮವಿಭೂಷಣ ಕೊಟ್ಟಿತು. 2012ರಲ್ಲಿ ಅವರು ತೀರಿಕೊಂಡರು. ಅವರಿಗೆ ಆದದ್ದು ನಮಗೆ ಆಗದೇ?

ಬನ್ನಿ, ಫೋಟೋ ಚೆನ್ನಾಗಿ ಬರಲು ಏನು ಮಾಡಬೇಕು, ನೋಡೋಣ.

ಮೊದಲು ಕಣ್ಣು ಒರೆಸಿ. ನಮ್ಮ ಕಣ್ಣಲ್ಲ, ಮೊಬೈಲಿನ ಕಣ್ಣು! ಅಡುಗೆ ಮಾಡಿದ ಕೈ, ಎಣ್ಣೆ ಹಚ್ಚಿದ ಕೈ ತಾಗಿ ಅದರ ಗಾಜು ಮಬ್ಬಾಗಿರುತ್ತದೆ. ಮೆತ್ತನೆಯ, ಶುಚಿಯಾದ ಹತ್ತಿಬಟ್ಟೆಯಿಂದ ಒರೆಸಿ. ಇಷ್ಟಕ್ಕೇ ಎಷ್ಟೋ ಫೋಟೋ ಸರಿಹೋಗುತ್ತವೆ.

ಎರಡನೆಯದು ಬೆಳಕು. ಫೋಟೋ ಅಂದರೆ ಬೆಳಕು ಬರೆಯುವ ಚಿತ್ರ. ಬೆಳಕು ಮುಖದ ಮೇಲೆ ಬೀಳಬೇಕು. ಬಾಗಿಲಿಗೆ ಬೆನ್ನು ಹಾಕಿ ಕೂತವರ ಮುಖ ಕಪ್ಪಾಗಿ ಕಾಣುತ್ತದೆ. ಅದು ಬಣ್ಣದ ತಪ್ಪಲ್ಲ, ಬೆಳಕಿನ ದಿಕ್ಕಿನ ತಪ್ಪು. ಅವರನ್ನು ಬಾಗಿಲ ಕಡೆ ತಿರುಗಿಸಿ ಕೂರಿಸಿ. ನೆತ್ತಿಯ ಮೇಲಿನ ಬಿಸಿಲಲ್ಲಿ ಕಣ್ಣಿನ ಕೆಳಗೆ ನೆರಳು ಬೀಳುತ್ತದೆ, ಕಣ್ಣೂ ಕಿರಿದಾಗುತ್ತದೆ. ಬೆಳಿಗ್ಗೆಯ ಬಿಸಿಲು, ಸಂಜೆಯ ಬಿಸಿಲು ಒಳ್ಳೆಯದು. ಮಧ್ಯಾಹ್ನವಾದರೆ ಜಗಲಿಯ ನೆರಳೋ, ಮರದ ನೆರಳೋ ಹುಡುಕಿ.

ಮೂರನೆಯದು ಹತ್ತಿರ ಹೋಗುವುದು. ದೂರದಿಂದ ತೆಗೆದರೆ ಗುಡಿಸಲು, ಕಂಬ, ತಂತಿ ಎಲ್ಲ ಬರುತ್ತದೆ. ಮುಖ ಮಾತ್ರ ಸಾಸಿವೆಯಷ್ಟು. ಬೆರಳಿನಿಂದ ಚಿತ್ರ ಹಿಗ್ಗಿಸಬೇಡಿ, ಮಸುಕಾಗುತ್ತದೆ. ಕಾಲಿನಿಂದ ಹತ್ತಿರ ಹೋಗಿ. ಹಾಗಂತ ಮೂಗಿಗೇ ಹಿಡಿಯಬೇಡಿ, ಮೂಗು ದಪ್ಪ ಕಾಣುತ್ತದೆ. ಎರಡು ಮೂರು ಹೆಜ್ಜೆ ದೂರ ಸಾಕು. ಪರದೆಯ ಮೇಲೆ ಮುಖ ಕಾಣುವ ಜಾಗವನ್ನು ಬೆರಳಿನಿಂದ ಒಮ್ಮೆ ಮುಟ್ಟಿ. ಆಗ ಮುಖ ಸ್ಪಷ್ಟವಾಗಿ ಬರುತ್ತದೆ. ಕೈ ನಡುಗಿದರೆ ಗೋಡೆಗೆ ಒರಗಿ, ಮೊಣಕೈ ಮೈಗೆ ಒತ್ತಿ ಹಿಡಿಯಿರಿ.

ನಾಲ್ಕನೆಯದು ಎತ್ತರ. ಮಗುವಿನ ಫೋಟೋ ನಿಂತು ತೆಗೆದರೆ ತಲೆ ದೊಡ್ಡದು, ಕಾಲು ಮೋಟು. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಡಿ. ಮಗುವಿನ ಕಣ್ಣಿಗೆ ಸಮವಾಗಿ ಹಿಡಿಯಿರಿ. ಮಗುವಿನ ಲೋಕ ಆಗ ಕಾಣುತ್ತದೆ.

ಐದನೆಯದು ತಾಳ್ಮೆ. "ನೆಟ್ಟಗೆ ನಿಲ್ಲು, ನಗು, ನಗು" ಅಂತ ಗದರಿದರೆ ಯಾರು ನಗುತ್ತಾರೆ? ಮಗು ಆಡಲಿ. ಅಜ್ಜಿ ಮಾತಾಡಲಿ. ಅವರು ನಮ್ಮನ್ನು ಮರೆತಾಗ ಒತ್ತಿ. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ದೇಶವೆಲ್ಲ ಸುತ್ತಿ ಜನಸಾಮಾನ್ಯರ, ಮಕ್ಕಳ ಫೋಟೋ ತೆಗೆದರು. ಅವರು ತೆಗೆದ ಮಕ್ಕಳ ಫೋಟೋಗಳು 1979ರಲ್ಲಿ, ಮಕ್ಕಳ ವರ್ಷದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನವಾದವು. ಆ ಮಕ್ಕಳು ರಾಜರ ಮಕ್ಕಳಲ್ಲ. ನಮ್ಮ ನಿಮ್ಮಂಥವರ ಮಕ್ಕಳು.

ಹಾಗಾದರೆ ಯಾವುದರ ಫೋಟೋ ತೆಗೆಯಬೇಕು? ಹಬ್ಬ, ಮದುವೆ ಇದ್ದೇ ಇದೆ. ಅವ್ವ ರೊಟ್ಟಿ ಬಡಿಯುವುದು, ಅತ್ತೆ ಅಕ್ಕಿ ಆರಿಸುವುದು, ಮಗಳು ಪುಸ್ತಕ ಓದುವುದು, ನಾವೇ ಸ್ಲೇಟು ಹಿಡಿದು ಕೂತಿರುವುದು. ಇವನ್ನೂ ತೆಗೆಯೋಣ. ನಾವು ತೆಗೆಯುತ್ತಲೇ ಇದ್ದರೆ ನಮ್ಮ ಫೋಟೋ ಇರುವುದಿಲ್ಲ. ಮಗಳ ಕೈಗೆ ಮೊಬೈಲ್ ಕೊಟ್ಟು, "ನನ್ನದೂ ಒಂದು ತೆಗಿ" ಅನ್ನಿ. ನಾಚಿಕೆ ಬೇಡ.

ಒಂದು ಎಚ್ಚರಿಕೆ. ಬೇಡ ಅಂದವರ ಫೋಟೋ ತೆಗೆಯಬಾರದು. ಮಕ್ಕಳು ಸ್ನಾನ ಮಾಡುವ ಫೋಟೋ ಯಾರಿಗೂ ಕಳಿಸಬಾರದು. ಒಮ್ಮೆ ಕೈಬಿಟ್ಟು ಹೋದ ಫೋಟೋ ಯಾರ್ಯಾರ ಕೈಗೆ ಹೋಗುತ್ತದೋ ಹೇಳಲಾಗದು.

ಇನ್ನೊಂದು ಮಾತು. ಮೊಬೈಲ್ ನೀರಿಗೆ ಬಿದ್ದರೆ, ಕಳೆದುಹೋದರೆ, ಅದರಲ್ಲಿ ಮಾತ್ರ ಇದ್ದ ಫೋಟೋಗಳೂ ಹೋದ ಹಾಗೆ. ಒಳ್ಳೆಯ ನಾಲ್ಕನ್ನಾದರೂ ಆರಿಸಿ ಸ್ಟುಡಿಯೋದಲ್ಲಿ ಕಾಗದಕ್ಕೆ ಹಾಕಿಸಿ.

ಆಮೇಲೆ ನಮ್ಮ ಅಕ್ಷರಕ್ಕೆ ಕೆಲಸ ಬರುತ್ತದೆ. ಹಳೇ ಪೆಟ್ಟಿಗೆಯ ಫೋಟೋ ತೆಗೆದು "ಇವರು ಯಾರು?" ಅಂತ ಮಕ್ಕಳು ಕೇಳುತ್ತಾರೆ. ಹೇಳುವವರು ಇರುವುದಿಲ್ಲ. ಹೆಸರಿಲ್ಲದ ಫೋಟೋ ಮೂಗಿ. ಅದಕ್ಕೆ ಬಾಯಿ ಕೊಡುವುದು ನಮ್ಮ ಕೈಯಲ್ಲಿದೆ. ಫೋಟೋ ಹಿಂದೆ ಪೆನ್ಸಿಲ್ಲಿನಿಂದ ಮೆಲ್ಲಗೆ ಬರೆಯಿರಿ. ಪೆನ್ನಿನಿಂದ ಒತ್ತಿ ಬರೆದರೆ ಮುಂಭಾಗದಲ್ಲಿ ಗೆರೆ ಮೂಡುತ್ತದೆ. ಪೆನ್ಸಿಲ್ ಹತ್ತದಿದ್ದರೆ ಚೀಟಿಯಲ್ಲಿ ಬರೆದು ಜೊತೆಗಿಡಿ. ಮೂರು ಸಾಲು ಸಾಕು. ಯಾರು? ಎಲ್ಲಿ? ಯಾವಾಗ?

ಬರೀ "ಅವ್ವ" ಅಂತ ಬರೆಯಬೇಡಿ. ಮೊಮ್ಮಕ್ಕಳ ಮಕ್ಕಳಿಗೆ ಯಾವ ಅವ್ವ ಅಂತ ಹೇಗೆ ಗೊತ್ತಾಗಬೇಕು? ಅವಳಿಗೂ ಒಂದು ಹೆಸರಿದೆ. ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಕರೆದೂ ಕರೆದೂ ಆ ಹೆಸರು ಮರೆತೇಹೋಗಿರುತ್ತದೆ. ಅದನ್ನು ಕೇಳಿ, ಪೂರ್ತಿ ಬರೆಯಿರಿ.

ನಾಳೆ ಬೆಳಿಗ್ಗೆ ಮನೆಯ ಹಿರಿಯ ಹೆಂಗಸನ್ನು ಬಾಗಿಲ ಬೆಳಕಿನಲ್ಲಿ ಕೂರಿಸಿ. ಒಂದು ಫೋಟೋ ತೆಗೆಯಿರಿ. ಮುಂದಿನ ವಾರ ಮೂರು ಸಾಲು ಬರೆದುಕೊಂಡು ಬನ್ನಿ. ಇಲ್ಲಿ ಎಲ್ಲರೂ ಓದೋಣ.