ನೆನಪಿಗೊಂದು ವಸ್ತು

ಬೆಂಗಳೂರನ್ನು ನೋಡಲು ಬಂದವರು ಹೊರಡುವ ಮುನ್ನ ಕೇಳುವ ಮಾತು ಒಂದೇ: ‘ನೆನಪಿಗೆ ಏನನ್ನು ಕೊಳ್ಳೋಣ, ಎಲ್ಲಿ ಕೊಳ್ಳೋಣ?’ ಮಹಾತ್ಮ ಗಾಂಧಿ ರಸ್ತೆಯ ಕಾವೇರಿ ಮಳಿಗೆಯ ಹೆಸರನ್ನು ಯಾರಾದರೂ ಹೇಳಿಯಾರು. ಅದು ಯೋಗ್ಯವಾದ ಉತ್ತರವೇ. ಬೀದರಿನ ಬಿದರಿ ಕೆಲಸ, ಚನ್ನಪಟ್ಟಣದ ಗೊಂಬೆ, ಗಂಧದ ಕೆತ್ತನೆ ಎಲ್ಲವೂ ಅಲ್ಲಿ ಒಂದೇ ಸೂರಿನಡಿ ದೊರೆಯುತ್ತವೆ.

ಆದರೆ ಲಗ್ಗೆರೆಯ ನಿವಾಸಿಯಾದ ನಾನು ನನ್ನ ಅತಿಥಿಗಳಿಗೆ ಮೊದಲು ಸೂಚಿಸುವುದು ಬೀದಿಯ ದಿನಸಿ ಅಂಗಡಿಯನ್ನು. ಅಲ್ಲಿ ದೊರೆಯುವ ಮೈಸೂರು ಸ್ಯಾಂಡಲ್ ಸಾಬೂನು ತಯಾರಾಗುವುದು ನಮಗೆ ದೂರವಲ್ಲದ ಕಾರ್ಖಾನೆಯಲ್ಲಿ. ಮೆಟ್ರೋ ನಿಲ್ದಾಣಕ್ಕೂ ಅದರದೇ ಹೆಸರು. ಮೊದಲನೆಯ ಮಹಾಯುದ್ಧದಿಂದ ರಫ್ತು ನಿಂತು ಶ್ರೀಗಂಧ ರಾಶಿ ಬಿದ್ದಾಗ, ಮೈಸೂರು ಸಂಸ್ಥಾನವು 1916ರಲ್ಲಿ ಅದರಿಂದ ಎಣ್ಣೆ ತೆಗೆಯಲು ತೊಡಗಿತು. ಇಂಗ್ಲೆಂಡಿನಲ್ಲಿ ಕಲಿತು ಬಂದ ಎಸ್. ಜಿ. ಶಾಸ್ತ್ರಿಗಳು ಆ ಪರಿಮಳವನ್ನು ಸಾಬೂನಿಗೆ ತಂದರು. ಆನೆಯ ತಲೆ, ಸಿಂಹದ ಒಡಲಿನ ಶರಭ ಅದರ ಲಾಂಛನ. ಕೊಳ್ಳುವವನು ಕೈಯಲ್ಲಿ ಹಿಡಿಯುವುದು ಒಂದು ಸಂಸ್ಥಾನದ ಕಷ್ಟಕಾಲದ ಬುದ್ಧಿವಂತಿಕೆಯನ್ನು.

ಎಲ್ಲ ವಸ್ತುಗಳಿಗೂ ಇಂಥ ಕಾರ್ಖಾನೆಯ ಬಲವಿಲ್ಲ. ಚನ್ನಪಟ್ಟಣದ ಕುಶಲಕರ್ಮಿ ಆಲೆಮರವನ್ನು ಕಡೆದು, ತಿರುಗುವ ಗೊಂಬೆಗೆ ಬಣ್ಣದ ಅರಗನ್ನು ಒತ್ತಿ, ತಾಳೆಗರಿಯಿಂದ ಹೊಳಪು ತರುತ್ತಾನೆ. ಪಕ್ಕದಲ್ಲೇ ಅಗ್ಗದ ಪ್ಲಾಸ್ಟಿಕ್ ಗೊಂಬೆ ಇರುತ್ತದೆ. ಚೌಕಾಸಿಯಲ್ಲಿ ನಾವು ಉಳಿಸುವ ನಾಲ್ಕು ಕಾಸು ಅವನ ದಿನಗೂಲಿಯಿಂದಲೇ ಹೋಗುತ್ತದೆಂಬುದನ್ನು ಮರೆಯಬಾರದು.

ಆದುದರಿಂದ ಕೊಳ್ಳುವಾಗ ಬೆಲೆಯೊಂದನ್ನೇ ಕೇಳದೆ, ಮಾಡಿದವರು ಯಾರು, ಯಾವ ಊರಿನವರು ಎಂದೂ ಕೇಳೋಣ. ಉತ್ತರ ಬಲ್ಲ ಅಂಗಡಿಯೇ ಪ್ರವಾಸಿಗೆ ತಕ್ಕ ಅಂಗಡಿ.