ಸಿಪಾಯಿಯ ಶಿಸ್ತು

ಶಿಸ್ತು ಎಂಬ ಮಾತು ನಮ್ಮ ಊರುಗಳಲ್ಲಿ ಅಗ್ಗವಾಗಿಬಿಟ್ಟಿದೆ. ಶಾಲೆಯ ಗೋಡೆಯ ಮೇಲೆ ಅದನ್ನು ಬರೆದಿರುತ್ತಾರೆ. ಮದುವೆಮನೆಯ ಊಟದ ಸಾಲಿನಲ್ಲಿ ಕೂಡ ಯಾರಾದರೊಬ್ಬರು ಅದನ್ನು ಕೂಗಿ ಹೇಳುತ್ತಾರೆ. ಇತಿಹಾಸ ಬಲ್ಲವರಿಗೆ ಶಿವಪ್ಪನಾಯಕನ ಶಿಸ್ತು ನೆನಪಾದೀತು. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಆ ಅರಸ ಮಣ್ಣಿನ ಗುಣವನ್ನೂ ಬೆಳೆಯನ್ನೂ ನೋಡಿ ಭೂಕಂದಾಯವನ್ನು ಗೊತ್ತುಮಾಡಿದ ಕ್ರಮಕ್ಕೆ ಆ ಹೆಸರು. ಅಲ್ಲಿ ಶಿಸ್ತೆಂದರೆ ಎಲ್ಲರಿಗೂ ಗೊತ್ತಿರುವ ಒಂದು ಅಳತೆ. ಸೇನೆಯ ಹಿಂದುಸ್ತಾನಿಯಲ್ಲಿ ಇದೇ ಮಾತಿಗೆ ಇನ್ನೊಂದು ಅರ್ಥವುಂಟು. ಅಲ್ಲಿ ಶಿಸ್ತ್ ಎಂದರೆ ಬಂದೂಕಿನ ಗುರಿ. ಹೊಸದಾಗಿ ಭರ್ತಿಯಾದ ಹುಡುಗನನ್ನು ನೆಲದ ಮೇಲೆ ಬೋರಲು ಮಲಗಿಸಿ, ಹತ್ತಿರದ ಕಿಂಡಿ, ನಳಿಗೆಯ ತುದಿಯ ಮೊನೆ, ದೂರದ ಗುರಿ ಈ ಮೂರನ್ನೂ ಒಂದೇ ಗೆರೆಗೆ ತರುವುದನ್ನು ಉಸ್ತಾದನು ಕಲಿಸುವಾಗ 'ಶಿಸ್ತ್ ಲೇನಾ' ಎನ್ನುತ್ತಾನೆ. ಮೂರರಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಗುಂಡು ಎಲ್ಲಿಗೋ ಹೋಗುತ್ತದೆ. ಸೇನೆಯನ್ನು ಬಿಟ್ಟುಬಂದು ಎಷ್ಟೋ ವರ್ಷಗಳಾದ ಮೇಲೂ ಶಿಸ್ತು ಎಂದೊಡನೆ ನನಗೆ ನೆನಪಾಗುವುದು ಈ ಅರ್ಥವೇ.

ಹೊರಗಿನವರು ಸೇನೆಯ ಶಿಸ್ತನ್ನು ಕಾಣುವುದು ಗಣರಾಜ್ಯ ದಿನದ ಕವಾಯತಿನಲ್ಲಿ. ಹೆಜ್ಜೆಗೆ ಹೆಜ್ಜೆ ಸೇರುವುದು, ಬೂಟು ಕನ್ನಡಿಯಂತೆ ಹೊಳೆಯುವುದು, ಇವೆಲ್ಲ ಬೇಕಾದವುಗಳೇ. ಆದರೆ ಅವನ್ನು ಕಲಿಸುವುದು ಕಷ್ಟವಲ್ಲ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರಕ್ಕೋ, ಬೆಂಗಳೂರಿನ ಹಲಸೂರು ಕೆರೆಯ ಬಳಿಯಿರುವ ಮದ್ರಾಸ್ ಇಂಜಿನಿಯರ್ ಗ್ರೂಪಿನ ಕೇಂದ್ರಕ್ಕೋ ಹೋಗಿ ಕಸಮ್ ಪರೇಡನ್ನು ನೋಡಿದವರು ಬಲ್ಲರು: ಎತ್ತು ಹೊಡೆಯುತ್ತಿದ್ದ ಹುಡುಗ ಕೆಲವೇ ತಿಂಗಳುಗಳಲ್ಲಿ ಕಡೆದು ನಿಲ್ಲಿಸಿದಂತೆ ನಿಲ್ಲುತ್ತಾನೆ. ಕಷ್ಟವಿರುವುದು ಅದರ ಮುಂದೆ. ಪರೇಡ್ ಮೈದಾನವಿಲ್ಲದ ಕಡೆ, ನೋಡುವ ಕಣ್ಣಿಲ್ಲದ ಹೊತ್ತಿನಲ್ಲಿ, ಅದೇ ಹುಡುಗ ಬಂದೂಕಿನ ನಳಿಗೆಗೆ ಚಿಂದಿ ಎಳೆದು ಒರೆಸುವನೇ? ಒದ್ದೆಯಾದ ಕಾಲುಚೀಲವನ್ನು ಬದಲಿಸಿ ಪಾದವನ್ನು ಉಳಿಸಿಕೊಳ್ಳುವನೇ?

ಇದಕ್ಕೆ ಉತ್ತರವಿರುವುದು ಜನರಲ್‌ಗಳ ಕೈಯಲ್ಲಲ್ಲ. ಸಿಪಾಯಿಯ ಲೋಕ ಬಹಳ ಚಿಕ್ಕದು. ಸುಮಾರು ಹತ್ತು ಮಂದಿಯ ಒಂದು ಸೆಕ್ಷನ್, ಅದಕ್ಕೊಬ್ಬ ನಾಯಕ್ ಅಥವಾ ಹವಾಲ್ದಾರ, ಅವನ ಕೈಕೆಳಗೆ ಒಬ್ಬ ಲ್ಯಾನ್ಸ್ ನಾಯಕ್. ಹತ್ತೊಂಬತ್ತು ವರ್ಷದ ಹುಡುಗ ದಿನವಿಡೀ ನೋಡುವುದು ಈ ಇಬ್ಬರನ್ನು. ನಾಯಕ್ ಹಿಮದಲ್ಲಿ ಕ್ಷೌರ ಮಾಡಿಕೊಂಡರೆ ತಾನೂ ಮಾಡಿಕೊಳ್ಳುತ್ತಾನೆ. ಅವನು ತಟ್ಟೆಯನ್ನು ಬೇರೆಯವನಿಂದ ತೊಳೆಸಿದರೆ, ತನಗೂ ಒಂದು ಪಟ್ಟಿ ಬಂದ ದಿನ ಯಾರ ಕೈಗೆ ತಟ್ಟೆ ಕೊಡಬೇಕೆಂದು ಈಗಲೇ ಯೋಚಿಸುತ್ತಾನೆ. ಅಧಿಕಾರಿಗಳ ಉಪದೇಶ ಸೈನಿಕ ಸಮ್ಮೇಳನದಲ್ಲಿ ತಿಂಗಳಿಗೊಮ್ಮೆ ಕಿವಿಗೆ ಬೀಳುತ್ತದೆ. ನಾಯಕನ ನಡತೆ ದಿನಕ್ಕೆ ಹದಿನೆಂಟು ಗಂಟೆ ಕಣ್ಣಿಗೆ ಬೀಳುತ್ತದೆ.

ಈ ಪಾಠವನ್ನು ನನಗೆ ಕಲಿಸಿದವರು ಕೋಲಾರದ ಕಡೆಯ ಒಬ್ಬ ಸುಬೇದಾರರು. 1981ರ ಚಳಿಗಾಲ. ಕಾಶ್ಮೀರದ ನಿಯಂತ್ರಣ ರೇಖೆಯ ಹತ್ತಿರ, ಎತ್ತರದಲ್ಲಿದ್ದ ಒಂದು ಠಾಣೆ ನನ್ನ ವಶದಲ್ಲಿತ್ತು. ನನಗೆ ಇಪ್ಪತ್ತನಾಲ್ಕು ವರ್ಷ. ಸುಬೇದಾರರಿಗೆ ಅಷ್ಟು ವರ್ಷದ ನೌಕರಿಯೇ ಆಗಿತ್ತು. ಒಂದು ರಾತ್ರಿ ಮೂರು ಗಂಟೆಯ ಹೊತ್ತಿಗೆ ಸುತ್ತು ಹೊರಟ ಹವಾಲ್ದಾರನಿಗೆ ಮೇಲಿನ ಮೋರ್ಚಾದ ಪಹರೆಯವನು ಮರಳಚೀಲಗಳಿಗೆ ಒರಗಿ ನಿಂತಂತೆಯೇ ನಿದ್ದೆಹೋಗಿರುವುದು ಕಂಡಿತು. ಹವಾಲ್ದಾರ ಸದ್ದಿಲ್ಲದೆ ಬಂದೂಕನ್ನು ಎತ್ತಿಕೊಂಡ. ಹುಡುಗನಿಗೆ ಎಚ್ಚರವಾದಾಗ ಕೈ ಬರಿದಾಗಿತ್ತು.

ಪಹರೆಯಲ್ಲಿ ನಿದ್ದೆಹೋಗುವುದು ಸಣ್ಣ ತಪ್ಪಲ್ಲ. ಅವನೊಬ್ಬನ ಕಣ್ಣನ್ನು ನಂಬಿ ಮೂವತ್ತು ಜನ ಮಲಗಿರುತ್ತಾರೆ. ಬೆಳಿಗ್ಗೆ ಹುಡುಗನನ್ನು ನನ್ನ ಮುಂದೆ ತಂದು ನಿಲ್ಲಿಸಿದರು. ಅವನು ವಿಜಾಪುರ ಜಿಲ್ಲೆಯವನು, ಭರ್ತಿಯಾಗಿ ಎರಡು ವರ್ಷವೂ ಆಗಿರಲಿಲ್ಲ. ಏನು ಕೇಳಿದರೂ "ಗಲತಿ ಆಯಿತು ಸಾಬ್" ಎಂಬುದೊಂದೇ ಉತ್ತರ. ಸುಬೇದಾರರು ಅವನನ್ನು ಹೊರಗೆ ಕಳುಹಿಸಿ, "ಸಾಬ್, ಮೊದಲು ಪಹರೆಯ ಪಟ್ಟಿ ತರಿಸೋಣ" ಎಂದರು.

ಪಟ್ಟಿ ಬಂತು. ಪಹರೆಯ ಕ್ರಮ ಎಲ್ಲ ಕಡೆಯೂ ಒಂದೇ: ಎರಡು ಗಂಟೆ ಕಾವಲು, ನಾಲ್ಕು ಗಂಟೆ ಬಿಡುವು. ಸಂಜೆ ಆರರಿಂದ ಎಂಟರ ಸರದಿ ಸುಲಭದ್ದು. ನಡುರಾತ್ರಿ ಎರಡರಿಂದ ನಾಲ್ಕರದು ಎಲ್ಲರಿಗೂ ಬೇಡವಾದದ್ದು. ಆದ್ದರಿಂದಲೇ ಅದನ್ನು ದಿನಕ್ಕೊಬ್ಬರಂತೆ ಸರಿಸುತ್ತ ಹೋಗಬೇಕು. ಸುಬೇದಾರರು ಬೆರಳಿಟ್ಟು ತೋರಿಸಿದರು: ಆರು ರಾತ್ರಿಗಳಿಂದ ಎರಡರಿಂದ ನಾಲ್ಕರ ಮನೆಯಲ್ಲಿ ಒಂದೇ ಹೆಸರು. ಸಂಜೆಯ ಮನೆಯಲ್ಲಿಯೂ ಒಂದೇ ಹೆಸರು. ಅದು ಪಟ್ಟಿ ಬರೆಯುತ್ತಿದ್ದ ಲ್ಯಾನ್ಸ್ ನಾಯಕನ ಊರಿನವನದು. ಅವನಿಗೆ ಮೈ ಸರಿಯಿಲ್ಲವೆಂದು ಲ್ಯಾನ್ಸ್ ನಾಯಕ್ ಹೇಳಿದ. ನರ್ಸಿಂಗ್ ಸಹಾಯಕನ ಪುಸ್ತಕದಲ್ಲಿ ಅಂಥ ಬರಹವಿರಲಿಲ್ಲ.

ಹುಡುಗನನ್ನು ಮತ್ತೆ ಕರೆಸಿ, ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೊಸಬ ಇದೀನ್ರಿ ಸಾಬ್, ಕೇಳಬಾರದಂತ ಸುಮ್ಮನಿದ್ದೆ" ಎಂದ.

ಇಲ್ಲಿ ಕರುಣೆಯುಳ್ಳ ಯಾರಾದರೂ ಹುಡುಗನನ್ನು ಬಿಟ್ಟುಬಿಡುತ್ತಿದ್ದರು. ಸುಬೇದಾರರು ಅದಕ್ಕೆ ಒಪ್ಪಲಿಲ್ಲ. "ನಿದ್ದೆಹೋದದ್ದು ಹೋದದ್ದೇ ಸಾಬ್. ದುಶ್ಮನ್ ಬಂದಿದ್ದರೆ ಪಟ್ಟಿ ನೋಡಿ ಬರುತ್ತಿರಲಿಲ್ಲ. ಶಿಕ್ಷೆ ಇವನಿಗೆ ಆಗಲೇಬೇಕು. ಆದರೆ ಪಟ್ಟಿ ಬರೆದವನಿಗೆ ಇವನಿಗಿಂತ ಮೊದಲು ಆಗಬೇಕು, ಇವನಿಗಿಂತ ಹೆಚ್ಚು ಆಗಬೇಕು. ಇಲ್ಲದಿದ್ದರೆ ನಾಳೆಯಿಂದ ಯಾರೂ ಪಟ್ಟಿಯನ್ನು ನಂಬುವುದಿಲ್ಲ" ಎಂದರು. ಹಾಗೆಯೇ ಇಬ್ಬರೂ ಕೆಳಗಿನ ನೆಲೆಗೆ ಹೋಗಿ ದಂಡನಾಧಿಕಾರವುಳ್ಳವರ ಮುಂದೆ ನಿಂತರು. ಲ್ಯಾನ್ಸ್ ನಾಯಕನ ತೋಳಿನ ಪಟ್ಟಿ ಹೋಯಿತು. ಹುಡುಗನಿಗೆ ಹೆಚ್ಚಿನ ಪಹರೆ ಬಿತ್ತು. ಅಂದಿನಿಂದ ನಮ್ಮ ಠಾಣೆಯ ಪಟ್ಟಿಯನ್ನು ಲಂಗರಿನ ಬಾಗಿಲಿಗೆ ಅಂಟಿಸುವ ಪದ್ಧತಿಯಾಯಿತು. ರೊಟ್ಟಿ ತೆಗೆದುಕೊಳ್ಳಲು ಬಂದವರೆಲ್ಲ ಅದನ್ನು ಓದಬಹುದಿತ್ತು. ಅದರ ಕೊನೆಯ ಸಾಲಿನಲ್ಲಿ ರಾತ್ರಿಯ ಸುತ್ತಿಗೆ ಹೋಗುವವರ ಹೆಸರೂ ಇರುತ್ತಿತ್ತು: ಒಂದು ರಾತ್ರಿ ಸುಬೇದಾರರದು, ಮರುರಾತ್ರಿ ನನ್ನದು. ಹಿಮ ಬೀಳುವ ರಾತ್ರಿಗಳಲ್ಲಿ ಆ ಸಾಲು ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದುಂಟು.

ಶಿಕ್ಷೆಯ ವಿಷಯ ಬಂದದ್ದರಿಂದ ಕಾಯಿದೆಯ ಮಾತನ್ನೂ ಹೇಳಬೇಕು. 1950ರ ಸೇನಾ ಕಾಯಿದೆಯ 80ನೆಯ ಕಲಮು ಕಮಾಂಡಿಂಗ್ ಅಧಿಕಾರಿಗೆ ಸಾಕಷ್ಟು ಅಧಿಕಾರ ಕೊಟ್ಟಿದೆ. ಇಪ್ಪತ್ತೆಂಟು ದಿನಗಳವರೆಗೆ ಬಂಧನದಲ್ಲಿಡಬಹುದು, ಹೆಚ್ಚಿನ ಪಹರೆ ಹಾಕಬಹುದು, ಸಂಬಳ ಕಡಿಯಬಹುದು. ಅದೇ ಕಾಯಿದೆಯ 47ನೆಯ ಕಲಮನ್ನು ಬಲ್ಲವರು ಕಡಿಮೆ. ತನ್ನ ಕೈಕೆಳಗಿನವನ ಮೇಲೆ ಕೈಮಾಡಿದ, ಅವನನ್ನು ಹಿಂಸೆಪಡಿಸಿದ ಅಧಿಕಾರಿಗಾಗಲಿ ಹವಾಲ್ದಾರನಿಗಾಗಲಿ ಏಳು ವರ್ಷಗಳವರೆಗೆ ಸೆರೆವಾಸವಾಗಬಹುದೆಂದು ಅದು ಹೇಳುತ್ತದೆ. ಕಾಗದದ ಮೇಲಿನ ಈ ನಿಯಮಕ್ಕೂ ಬ್ಯಾರಕಿನ ಹಿಂದಿನ ಮೈದಾನಕ್ಕೂ ನಡುವೆ ರಗಡಾ ಎಂಬುದೊಂದಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಬೆನ್ನಿಗೆ ಹೊರೆ ಕಟ್ಟಿ ಓಡಿಸುವುದು, ಕಪ್ಪೆಯಂತೆ ಕುಪ್ಪಳಿಸುವುದು, ನೆಲದ ಮೇಲೆ ಉರುಳಿಸುವುದು. ಮೈ ಗಟ್ಟಿಯಾಗಲು ತಕ್ಕಮಟ್ಟಿನ ರಗಡಾ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಿಟ್ಟು ತೀರಿಸಿಕೊಳ್ಳಲು ಕೊಟ್ಟ ರಗಡಾದಿಂದ ಹುಡುಗ ಕಲಿಯುವ ವಿದ್ಯೆ ಒಂದೇ, ಮುಂದಿನ ಸಲ ಸಿಕ್ಕಿಬೀಳದಿರುವುದು.

ಇನ್ನೊಂದು ಮಾತು. 2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಹೊಸ ಹುಡುಗರು ನಾಲ್ಕು ವರ್ಷಕ್ಕೆ ಭರ್ತಿಯಾಗುತ್ತಾರೆ. ಅವರಲ್ಲಿ ನೂರಕ್ಕೆ ಇಪ್ಪತ್ತೈದರವರೆಗೆ ಮಾತ್ರ ಖಾಯಂ ಆಗುವರು. ಇದರ ರಾಜಕೀಯ ನನಗೆ ಬೇಡ. ನನ್ನ ಚಿಂತೆ ಬೇರೆ. ಉಳಿಯುವ ಒಬ್ಬನಿಗಾಗಿ ನಾಲ್ವರು ಪರಸ್ಪರ ಪೈಪೋಟಿಗೆ ನಿಂತ ಸೆಕ್ಷನ್ನಿನಲ್ಲಿ, ಪಟ್ಟಿ ಬರೆಯುವ ನಾಯಕನ ಲೇಖನಿಗೆ ಹಿಂದೆಂದೂ ಇರದಿದ್ದ ಬಲ ಬಂದಿದೆ. "ಕೇಳಬಾರದಂತ ಸುಮ್ಮನಿದ್ದೆ" ಎನ್ನುವ ಹುಡುಗರು ಈಗ ಇನ್ನೂ ಹೆಚ್ಚಾದಾರು. ಅವರ ಮೇಲಿನವರು ಪಟ್ಟಿಯನ್ನು ಆಗಾಗ ತರಿಸಿ ನೋಡುವುದು ಒಳ್ಳೆಯದು.

ಕಿರಿಯ ಸಿಪಾಯಿಯ ಶಿಸ್ತಿಗೆ ಅತಿ ಕಠಿಣವಾದ ಪರೀಕ್ಷೆ ಯಾವುದೆಂದು ಕೇಳಿದರೆ ನಾನು ಯುದ್ಧದ ಹೆಸರು ಹೇಳುವುದಿಲ್ಲ. 1953ರ ಕೊರಿಯಾದ ಹೆಸರು ಹೇಳುತ್ತೇನೆ. ಕದನ ನಿಂತಿತ್ತು. ತಮ್ಮ ದೇಶಕ್ಕೆ ಮರಳಲು ಒಲ್ಲೆವೆಂದ ಯುದ್ಧಕೈದಿಗಳನ್ನು ಕೆಲವು ತಿಂಗಳು ಕಾಯುವ ಹೊಣೆ ಭಾರತಕ್ಕೆ ಬಂತು. ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಹೋದವರು ನಮ್ಮ ಮಡಿಕೇರಿಯ ಕೆ. ಎಸ್. ತಿಮ್ಮಯ್ಯನವರು. 1948ರ ನವೆಂಬರಿನಲ್ಲಿ ಜೋಜಿ ಲಾ ಕಣಿವೆದಾರಿಗೆ ಟ್ಯಾಂಕುಗಳನ್ನು ಹತ್ತಿಸಿದಾಗ ತಾವೇ ಮುಂದೆ ಹೋಗಿದ್ದವರು. ಕಾವಲು ಪಡೆಯ ದಂಡನಾಯಕರು ಎಸ್. ಪಿ. ಪಿ. ಥೋರಾತ್. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ತನ್ನ ನೆಲದ ಮೇಲೆ ಭಾರತೀಯರು ಕಾಲಿಡಕೂಡದೆಂದು ಹಟ ಹಿಡಿದದ್ದರಿಂದ, ನಮ್ಮ ಸಿಪಾಯಿಗಳನ್ನು ಇಂಚಾನ್ ಬಂದರಿನ ಕಡೆಯಿಂದ ಹೆಲಿಕಾಪ್ಟರುಗಳಲ್ಲಿ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. ಅಲ್ಲಿ ಹೂಡಿದ ಬಿಡಾರಕ್ಕೆ ಹಿಂದ್ ನಗರವೆಂದು ಹೆಸರಿಟ್ಟರು.

ಮುಳ್ಳುತಂತಿಯೊಳಗೆ 22,600ಕ್ಕೂ ಹೆಚ್ಚು ಚೀನೀ ಮತ್ತು ಕೊರಿಯನ್ ಕೈದಿಗಳು. ಹೊರಗೆ ಐದಾರು ಸಾವಿರ ಭಾರತೀಯರು. ಕೈದಿಗಳನ್ನು ಮರಳಿ ಕಳಿಸಲಿಕ್ಕಾಗಲಿ ತಡೆಯಲಿಕ್ಕಾಗಲಿ ಬಲಪ್ರಯೋಗ ಮಾಡಕೂಡದೆಂದು ಒಪ್ಪಂದ. ಒಳಗಿನವರಿಗೆ ಭಾರತೀಯರ ಮೇಲೆ ಕಡು ಸಂಶಯ. ಕಲ್ಲು ತೂರಿದರು, ಕೂಗಾಡಿದರು. ಭಾಷೆ ತಿಳಿಯದು, ಚಳಿ ಮೂಳೆಗಿಳಿಯುವಂಥದು, ಜಗಳ ನಮ್ಮದಲ್ಲ. ಸೆಪ್ಟೆಂಬರಿನಲ್ಲಿ ಚೀನೀ ಕೈದಿಗಳು ಭಾರತೀಯ ಮೇಜರೊಬ್ಬರನ್ನು ಒಳಗೆಳೆದುಕೊಂಡು ಹಿಡಿದಿಟ್ಟರು. ಥೋರಾತರು ಆ ಗುಂಪಿನ ನಡುವೆ ತಾವೇ ಹೋಗಿ, ಮಾತಿನಿಂದಲೇ ಅವರನ್ನು ಬಿಡಿಸಿ ತಂದರು. ಇದಕ್ಕಾಗಿ ಅವರಿಗೆ ಎರಡನೆಯ ವರ್ಗದ ಅಶೋಕ ಚಕ್ರ, ಇಂದು ಕೀರ್ತಿ ಚಕ್ರವೆಂದು ಕರೆಯುವ ಪದಕ, ಸಂದಿತು. ಒಂದೂ ಗುಂಡು ಹಾರಲಿಲ್ಲವೆಂದು ಹೇಳಲಾರೆ. ಅಕ್ಟೋಬರಿನ ಮೊದಲ ದಿನಗಳಲ್ಲಿ ಗಲಭೆಯಾಗಿ ಗುಂಡು ಹಾರಿ ಕೈದಿಗಳು ಸತ್ತದ್ದುಂಟು. ಆದರೂ ತಿಂಗಳುಗಟ್ಟಲೆ ಕೆಣಕಿಸಿಕೊಂಡ ಆ ಸಾವಿರಾರು ಹುಡುಗರ ಬೆರಳುಗಳನ್ನು ನೆನೆದರೆ, ಹಾರದೆ ಉಳಿದ ಗುಂಡುಗಳ ಲೆಕ್ಕ ದೊಡ್ಡದು.

ಗುಂಡು ಹಾರಿಸಬೇಡಿರೆಂಬ ಆಜ್ಞೆ ದೆಹಲಿಯಿಂದ ಬಂದಿರಬಹುದು, ತಿಮ್ಮಯ್ಯನವರ ಬಾಯಿಂದ ಬಂದಿರಬಹುದು. ಕಲ್ಲು ಹಣೆಗೆ ತಾಗಿದ ಕ್ಷಣದಲ್ಲಿ ಸಿಪಾಯಿ ನೋಡುವುದು ತನ್ನ ಪಕ್ಕದ ನಾಯಕನ ಮುಖವನ್ನು. ಅವನೂ ಅದೇ ತಂತಿಬೇಲಿಯ ಬಳಿ, ಅದೇ ಕಲ್ಲುಗಳ ಕೆಳಗೆ, ಬಂದೂಕು ಇಳಿಸಿ ನಿಂತಿದ್ದರೆ ಹುಡುಗನೂ ನಿಲ್ಲುತ್ತಾನೆ. 1954ರ ಜನವರಿಯವರೆಗೆ ಅವರು ಹಾಗೆಯೇ ನಿಂತರು. ಆಮೇಲೆ ಕೈದಿಗಳನ್ನು ಒಪ್ಪಿಸಿ, ಹಿಂದ್ ನಗರದ ಡೇರೆಗಳನ್ನು ಕಿತ್ತು, ಹಡಗು ಹತ್ತಿ ಊರಿಗೆ ಬಂದರು.