ಪ್ರೋಗ್ರಾಮಿಂಗ್ ಬೇಡವೆಂಬ ಭರವಸೆ ಎಷ್ಟು ನಿಜ?

(ಅಜ್ಜಂಪುರದಲ್ಲಿ ಪೋಷಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)





ಪವಿತ್ರ ಕುರ್‌ಆನಿನ ಅವತರಣವು ಓದುವ ಆದೇಶದಿಂದಲೇ ಆರಂಭಗೊಂಡಿತು. ಆ ಗ್ರಂಥದ ಅನುಯಾಯಿಗಳಾದ ನಮ್ಮಲ್ಲಿ ಪದವೀಧರರ ಪ್ರಮಾಣವೂ ನಿಯಮಿತ ಸಂಬಳದ ಉದ್ಯೋಗದಲ್ಲಿರುವವರ ಪ್ರಮಾಣವೂ ಕಡಿಮೆಯೆಂದು 2006ರಲ್ಲಿ ಸಾಚಾರ್ ಸಮಿತಿ ದೇಶದ ಮುಂದಿಟ್ಟಿತು. ಈ ಕೊರತೆಯನ್ನು ನೀಗಿಸುವ ಆತುರದಲ್ಲಿ ತಾಯಂದಿರು ಒಡವೆ ಅಡವಿಡುತ್ತಾರೆ. ತಂದೆಯಂದಿರು ಬಡ್ಡಿಯ ಸಾಲಕ್ಕೂ ಕೈಚಾಚುತ್ತಾರೆ. ಹಾರ್ಡ್‌ವೇರ್ ಮತ್ತು ನೆಟ್‌ವರ್ಕಿಂಗ್ ಕಲಿತರೆ ಸಾಕು, ಪ್ರೋಗ್ರಾಮಿಂಗ್ ಇಲ್ಲದೆಯೇ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಬಹುದು ಎಂಬ ಭರವಸೆಯನ್ನು ನಂಬಿ ಶುಲ್ಕ ಕಟ್ಟುವವರಿದ್ದಾರೆ. ಈ ಭರವಸೆ ಅರ್ಧ ಸತ್ಯ. ಅರ್ಧ ಸತ್ಯಕ್ಕೆ ಒಡವೆ ಅಡವಿಡಬಾರದು.

ಸಂಸ್ಥೆಯೊಂದರ ಸರ್ವರ್‌ಗಳನ್ನು ನಡೆಸುವುದು, ಬಳಕೆದಾರರಿಗೆ ಪ್ರವೇಶ ಕೊಡುವುದು, ದತ್ತಾಂಶದ ಬ್ಯಾಕಪ್ ತೆಗೆದಿಡುವುದು, ಭದ್ರತೆ ಕಾಯುವುದು ಈ ಹುದ್ದೆಯ ಕೆಲಸ. ಮನೆಯ ಹಿತ್ತಲಿನ ಒಂದು ಹಸುವನ್ನು ಹೆಸರು ಹಿಡಿದು ಕರೆದು ಸಾಕಬಹುದು. ನಮ್ಮ ಅಜ್ಜಂಪುರದ ಅಮೃತ ಮಹಲ್ ತಳಿಕೇಂದ್ರದ ಮಂದೆಗೆ ಅದು ಸಾಲದು; ಅಲ್ಲಿ ಲೆಕ್ಕವೂ ಕ್ರಮವೂ ಬೇಕು. ಸರ್ವರ್‌ಗಳ ಸ್ಥಿತಿಯೂ ಹಾಗೆಯೇ. 2006ರಲ್ಲಿ ಅಮೆಜಾನ್ ತನ್ನ ಕ್ಲೌಡ್ ಸೇವೆಯನ್ನು ಆರಂಭಿಸಿದ ಬಳಿಕ ಸರ್ವರ್‌ಗಳನ್ನು ಬಾಡಿಗೆಗೆ ಪಡೆಯುವ ಪದ್ಧತಿ ಹಬ್ಬಿತು. ನೂರಾರು ಯಂತ್ರಗಳನ್ನು ಒಂದೊಂದಾಗಿ ಕೈಯಿಂದ ಸರಿಪಡಿಸುವುದು ಅಸಾಧ್ಯವಾಯಿತು. ಆದ್ದರಿಂದ ಲಿನಕ್ಸ್‌ನ ಬ್ಯಾಶ್, ಮೈಕ್ರೋಸಾಫ್ಟ್‌ನ ಪವರ್‌ಶೆಲ್, ಪೈಥಾನ್ ಮುಂತಾದವುಗಳಲ್ಲಿ ಸ್ಕ್ರಿಪ್ಟ್ ಬರೆದು ಆ ಕೆಲಸ ಮಾಡಿಸುತ್ತಾರೆ. 2012ರಲ್ಲಿ ಬಂದ ಆನ್ಸಿಬಲ್‌ನಂತಹ ಸಾಧನಗಳೂ ಇದಕ್ಕಾಗಿಯೇ ಇವೆ.

ಶಾಲೆ, ಆಸ್ಪತ್ರೆ, ಸಣ್ಣ ಕಚೇರಿಗಳಲ್ಲಿ ಕಂಪ್ಯೂಟರ್ ಜೋಡಿಸುವ, ಕೇಬಲ್ ಎಳೆಯುವ ಕೆಲಸಗಳು ಪ್ರೋಗ್ರಾಮಿಂಗ್ ಇಲ್ಲದೆಯೂ ಸಿಗುತ್ತವೆ. ಹಲಾಲ್ ದುಡಿಮೆ ಯಾವುದೂ ಕೀಳಲ್ಲ. ಆದರೆ ಬೀರೂರು ದಾಟಿ ಬೆಂಗಳೂರಿಗೆ ರೈಲು ಹತ್ತುವ ಯುವಕನನ್ನು ದೊಡ್ಡ ಕಂಪನಿಗಳ ಸಂದರ್ಶನದಲ್ಲಿ ಸ್ಕ್ರಿಪ್ಟ್ ಬರೆಯಲು ಬರುತ್ತದೆಯೇ ಎಂದು ಕೇಳುವ ಸಂಭವವೇ ಹೆಚ್ಚು. ಅವನು ದೊಡ್ಡ ಸಾಫ್ಟ್‌ವೇರ್ ರಚಿಸಬೇಕಿಲ್ಲ. ಪುನರಾವರ್ತನೆಯ ಕೆಲಸವನ್ನು ನಿಯಮವಾಗಿ ಬರೆಯಲು ಬಂದರೆ ಸಾಕು. ಒಂದು ಧಾತುವಿನಿಂದ ನಿಯಮದ ಮೂಲಕ ಹತ್ತಾರು ರೂಪಗಳನ್ನು ಪಡೆಯುವ ಸರ್ಫ್ ಶಾಸ್ತ್ರವನ್ನು ಮದ್ರಸದಲ್ಲಿ ಕಲಿತ ನಮಗೆ ಈ ಬಗೆಯ ಯೋಚನೆ ಅಪರಿಚಿತವಲ್ಲ.

ಹಾಗೆಂದು ಪ್ರೋಗ್ರಾಮಿಂಗ್ ಒಂದೇ ಸಾಲದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಒಂದು ತಪ್ಪು ಆದೇಶದಿಂದ ಮುಖ್ಯ ದತ್ತಾಂಶವೇ ಅಳಿಸಿಹೋಯಿತು. ಬ್ಯಾಕಪ್ ವ್ಯವಸ್ಥೆಗಳೂ ಕೈಕೊಟ್ಟಿದ್ದವು. ಸುಮಾರು 6 ಗಂಟೆಗಳ ದತ್ತಾಂಶ ಮರಳಿ ಬರಲಿಲ್ಲ. ಆದೇಶ ಬರೆಯುವ ಕೈಗೆ ಪರಿಶೀಲಿಸುವ ತಾಳ್ಮೆಯೂ ಬೇಕು. ಪರರ ದಾಖಲೆಗಳ ಕೀಲಿಕೈ ಹಿಡಿದವನಿಗೆ ಅದೊಂದು ಅಮಾನತ್.

ಪೋಷಕರೇ, ಶುಲ್ಕ ಕಟ್ಟುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿರಿ: ಲಿನಕ್ಸ್ ಕಲಿಸುತ್ತೀರಾ? ಸ್ಕ್ರಿಪ್ಟ್ ಬರೆಸುತ್ತೀರಾ? ವಿದ್ಯಾರ್ಥಿ ತನ್ನ ಕೈಯಾರೆ ಸರ್ವರ್ ನಡೆಸುವ ಅವಕಾಶವಿದೆಯೇ? ಲಿನಕ್ಸ್ ಮತ್ತು ಪೈಥಾನ್ ಉಚಿತ. ಹಳೆಯ ಕಂಪ್ಯೂಟರಿನಲ್ಲೂ ಅಭ್ಯಾಸ ಮಾಡಬಹುದು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳೂ ಉಚಿತ. ಕೆಲವು ಪಾಠಗಳು ಕನ್ನಡದಲ್ಲಿಯೂ ಇವೆ. ಜಮಾಅತ್‌ಗಳು ಮದುವೆಯ ಆಡಂಬರಕ್ಕೆ ಕಡಿವಾಣ ಹಾಕಿ, ಆ ಹಣದಿಂದ ಒಂದು ಅಭ್ಯಾಸ ಕೊಠಡಿ ತೆರೆಯಲಿ. ಅದರ ಬಾಗಿಲು ಹೆಣ್ಣುಮಕ್ಕಳಿಗೂ ತೆರೆದಿರಲಿ. ಸರಕಾರಿ ಕಾಲೇಜುಗಳ ಪ್ರಯೋಗಾಲಯಗಳನ್ನು ಸುಸ್ಥಿತಿಯಲ್ಲಿಡುವಂತೆ ಜನಪ್ರತಿನಿಧಿಗಳನ್ನು ಕೇಳುವುದು ನಾಗರಿಕರಾದ ನಮ್ಮ ಹಕ್ಕು. ಮತ ಕೇಳಲು ಬಂದಾಗ ಈ ಪ್ರಶ್ನೆಯನ್ನೂ ಅವರ ಮುಂದಿಡೋಣ.

ಪ್ರಯೋಜನಕಾರಿ ಜ್ಞಾನವನ್ನು ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣಿಸಲಿ. ಆಮೀನ್.